ಬುದ್ಧಿ ಹಲ್ಲು ತೆಗೆಸಿದ ಮೇಲೆ: ಮೂರನೇ ದಿನ ನೋವು ಏರಿದರೆ ಏನೆಂದು ತಿಳಿಯಬೇಕು

ನನ್ನ ಕೆಳದವಡೆಯ ಎಡಗಡೆ ಬುದ್ಧಿ ಹಲ್ಲು ಅಡ್ಡ ಬೆಳೆದಿತ್ತು. ಪಕ್ಕದ ದವಡೆ ಹಲ್ಲಿಗೆ ಒತ್ತಿಕೊಂಡು ಮಲಗಿಬಿಟ್ಟಿತ್ತು. ಒಸಡು ಕೊಯ್ದು, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಮೊದಲೆರಡು ದಿನ ನೋವು ತಡೆಯುವಂತೆಯೇ ಇತ್ತು. ಮೂರನೇ ದಿನ ಸಂಜೆ ಎಡಗಿವಿಯೊಳಗೆ ಸೂಜಿ ಚುಚ್ಚಿದ ಹಾಗೆ ಶುರುವಾಯಿತು. ಕಿವಿಗೇ ಏನೋ ಆಗಿದೆ ಅಂದುಕೊಂಡು ಎರಡು ದಿನ ಕಿವಿಗೆ ಡ್ರಾಪ್ಸ್ ಹಾಕಿಕೊಂಡೆ. ರಾತ್ರಿ ಕಣ್ಣು ಮುಚ್ಚಲಿಲ್ಲ. ಐದನೇ ದಿನ ಹಲ್ಲಿನ ಡಾಕ್ಟರ್ ಬಾಯಿ ತೆರೆಸಿ ನೋಡಿದರು. ಕಿವಿ ಚೆನ್ನಾಗಿಯೇ ಇತ್ತು. ಹಲ್ಲು ಕಿತ್ತ ಗುಂಡಿಯಲ್ಲಿ ಇರಬೇಕಾದ ಹೆಪ್ಪುಗಟ್ಟಿದ ರಕ್ತ ಇರಲಿಲ್ಲ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಅವರು ಗುಂಡಿ ತೊಳೆದು ಔಷಧಿ ಇಟ್ಟರು. ಮನೆ ತಲುಪುವಷ್ಟರಲ್ಲಿ ನೋವು ಅರ್ಧಕ್ಕೆ ಇಳಿದಿತ್ತು.

ಆಮೇಲೆ ನನ್ನ ಬಲಗಡೆಯ ಹಲ್ಲು ತೆಗೆಸಿದಾಗ, ತಂಗಿಗೆ ಒಂದೇ ಸಲ ಎರಡು ತೆಗೆಸಿದಾಗ, ಕೆಳಗೆ ಬರೆದಿರುವ ಕ್ರಮದಲ್ಲೇ ನೋಡಿಕೊಂಡೆವು. ನಾನು ಡಾಕ್ಟರ್ ಅಲ್ಲ. ನಿಮಗೆ ಹಲ್ಲು ತೆಗೆದವರು ಬೇರೆ ಏನಾದರೂ ಹೇಳಿದ್ದರೆ ಅದನ್ನೇ ಪಾಲಿಸಿ. ಆದರೆ ರಾತ್ರಿ ಹನ್ನೊಂದು ಗಂಟೆಗೆ, ಕ್ಲಿನಿಕ್ ಮುಚ್ಚಿರುವಾಗ, ಇದು ಮಾಮೂಲಿಯಾ ಅಲ್ವಾ ಎಂದು ಒದ್ದಾಡುವವರಿಗೆ ಇದು ಬೇಕಾಗುತ್ತದೆ.

ಮೊದಲು ದಿನ ಎಣಿಸಿ

ಹಲ್ಲು ತೆಗೆಸಿದ ದಿನವನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ಪ್ರತಿದಿನ ಬೆಳಿಗ್ಗೆ, ಸಂಜೆ ನೋವಿಗೆ ಹತ್ತಕ್ಕೆ ಎಷ್ಟು ಅಂತ ಒಂದು ಅಂಕ ಬರೆದಿಡಿ. ಊತಕ್ಕೂ ಹಾಗೆಯೇ. ಸರಿಯಾಗಿ ಮಾಯುತ್ತಿರುವ ಗಾಯದಲ್ಲಿ ನೋವು ಮೊದಲ ಒಂದೆರಡು ದಿನ ಜಾಸ್ತಿ ಇದ್ದು, ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಊತ ಮಾತ್ರ ಎರಡು, ಮೂರನೇ ದಿನದವರೆಗೆ ಏರುತ್ತಲೇ ಹೋಗುತ್ತದೆ, ನಂತರ ಇಳಿಯುತ್ತದೆ. ಅದಕ್ಕೇ ಮರುದಿನ ಕನ್ನಡಿ ನೋಡಿದಾಗ ಕೆನ್ನೆ ನಿನ್ನೆಗಿಂತ ದಪ್ಪ ಕಂಡರೆ ಗಾಬರಿ ಬೇಡ.

ಇಳಿಯುತ್ತಿದ್ದ ನೋವು ಎರಡರಿಂದ ನಾಲ್ಕನೇ ದಿನದೊಳಗೆ ಮತ್ತೆ ಏರಿದರೆ ಡ್ರೈ ಸಾಕೆಟ್ ಅನುಮಾನ ಮಾಡಿ. ಮೂರನೇ ದಿನ ಕಳೆದ ಮೇಲೂ ಊತ ಏರುತ್ತಿದ್ದು, ಜೊತೆಗೆ ಜ್ವರವೂ ಬಂದರೆ ಸೋಂಕಿನ ಅನುಮಾನ ಮಾಡಿ. ನನ್ನ ಬಳಿ ಆ ಅಂಕಗಳು ಇದ್ದಿದ್ದರೆ ಕಿವಿಗೆ ಡ್ರಾಪ್ಸ್ ಹಾಕುತ್ತಿರಲಿಲ್ಲ.

ರಕ್ತ ನಿಲ್ಲುತ್ತಿಲ್ಲ

ಮೊದಲ ದಿನ ಎಂಜಲು ಕೆಂಪಗೇ ಇರುತ್ತದೆ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲಿಗೆ ಸೇರಿದರೂ ಎಲ್ಲ ರಕ್ತವೇ ಅನ್ನಿಸುತ್ತದೆ. ದಿಂಬಿನ ಮೇಲೆ ಹಳೇ ಟವೆಲ್ ಹಾಸಿಕೊಂಡು, ತಲೆ ಎತ್ತರ ಮಾಡಿ ಮಲಗಿ. ಇಷ್ಟು ಜಿನುಗುವುದು 24 ಗಂಟೆಯವರೆಗೆ ಮಾಮೂಲಿ.

ಬಾಯಿ ಪದೇ ಪದೇ ರಕ್ತದಿಂದ ತುಂಬುತ್ತಿದ್ದರೆ ಮೊದಲು, ಕಚ್ಚಿಕೊಳ್ಳಲು ಡಾಕ್ಟರ್ ಇಟ್ಟ ಹತ್ತಿ ಬಟ್ಟೆ ಎಲ್ಲಿದೆ ನೋಡಿ. ಬಹಳ ಸಲ ಅದು ಗುಂಡಿಯ ಮೇಲೆ ಕೂತಿರುವುದೇ ಇಲ್ಲ. ಹಲ್ಲುಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಗಾಯದ ಮೇಲೆ ಒತ್ತಡ ಬೀಳುವುದಿಲ್ಲ. ಶುದ್ಧವಾದ ಗಾಜ್ ಬಟ್ಟೆಯನ್ನು ದಪ್ಪಗೆ ಮಡಚಿ, ಸ್ವಲ್ಪ ಒದ್ದೆ ಮಾಡಿ, ಸರಿಯಾಗಿ ಗಾಯದ ಮೇಲೆ ಇಟ್ಟು 30ರಿಂದ 45 ನಿಮಿಷ ಗಟ್ಟಿಯಾಗಿ ಕಚ್ಚಿ. ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ನಿಂತಿತಾ ಅಂತ ಐದು ನಿಮಿಷಕ್ಕೊಮ್ಮೆ ತೆಗೆದರೆ ನಿಲ್ಲುವುದೇ ಇಲ್ಲ. ಗಾಜ್ ಮುಗಿದಿದ್ದರೆ ಒಂದು ಟೀ ಬ್ಯಾಗ್ ನೆನೆಸಿ, ತಣ್ಣಗಾದ ಮೇಲೆ ಹಿಂಡಿ ಕಚ್ಚಿಕೊಳ್ಳಬಹುದು. ಟೀ ಎಲೆಯ ಒಗರಿಗೆ ರಕ್ತ ನಿಲ್ಲಿಸುವ ಗುಣ ಇದೆ. ಇಷ್ಟೆಲ್ಲ ಮಾಡಿದ ಮೇಲೂ ರಕ್ತ ಹರಿಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬಾರದು, ಆಸ್ಪತ್ರೆಗೆ ಹೋಗಿ.

ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಹಲ್ಲು ತೆಗೆಸುವ ಮುಂಚೆಯೇ ಡಾಕ್ಟರಿಗೆ ಹೇಳಿರಬೇಕು. ರಕ್ತ ಬಂತು ಅಂತ ನಿಮ್ಮಷ್ಟಕ್ಕೆ ನೀವೇ ಆ ಮಾತ್ರೆ ನಿಲ್ಲಿಸುವುದು ಹಲ್ಲಿನ ರಕ್ತಕ್ಕಿಂತ ದೊಡ್ಡ ಅಪಾಯ.

ಕಿವಿ, ಕಣ್ಣು, ನೆತ್ತಿಯವರೆಗೆ ಎಳೆಯುವ ನೋವು

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಜನ ತಪ್ಪು ತಿಳಿಯುವುದು ಇಲ್ಲೇ.

ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಅಡಿಯ ಮೂಳೆಯನ್ನೂ ನರದ ತುದಿಗಳನ್ನೂ ಮುಚ್ಚಿ ಕಾಯುತ್ತದೆ. ಹೊಸ ಮಾಂಸ ಬೆಳೆಯುವುದು ಅದರೊಳಗಿಂದಲೇ. ಹಾಲಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಅಮ್ಮ ಅಲ್ಲಾಡಿಸಲು ಬಿಡುತ್ತಿರಲಿಲ್ಲ ಅಲ್ವಾ? ಇಲ್ಲೂ ಹಾಗೇ. ಹೆಪ್ಪು ಎದ್ದು ಬಂದರೆ, ಇಲ್ಲವೇ ಅವಧಿಗೆ ಮುಂಚೆ ಕರಗಿಹೋದರೆ, ಮೂಳೆ ಬರಿದಾಗಿ ನಿಲ್ಲುತ್ತದೆ. ಗಾಳಿ, ನೀರು, ಅನ್ನದ ಅಗುಳು ಎಲ್ಲ ಅದಕ್ಕೆ ತಾಗುತ್ತವೆ. ಕೆಳದವಡೆಗೂ ಕಿವಿಯ ಸುತ್ತಲಿನ ಭಾಗಕ್ಕೂ ಸ್ಪರ್ಶ ಕೊಡುವುದು ಒಂದೇ ದೊಡ್ಡ ನರದ ಕವಲುಗಳು. ಅದಕ್ಕೇ ತೊಂದರೆ ದವಡೆಯಲ್ಲಿದ್ದರೂ ನೋವು ಕಿವಿಯಲ್ಲಿ ಕೇಳಿಸುತ್ತದೆ.

ಗುರುತು ಹಿಡಿಯುವುದು ಹೀಗೆ. ನೋವು ಹಲ್ಲು ತೆಗೆದ ಪಕ್ಕದಲ್ಲೇ ಇರುತ್ತದೆ. ಮಾತ್ರೆ ನುಂಗಿದರೂ ಪೂರ್ತಿ ಬಗ್ಗುವುದಿಲ್ಲ. ಬಾಯಿಂದ ಕೆಟ್ಟ ವಾಸನೆ, ನಾಲಿಗೆಗೆ ಕೆಟ್ಟ ರುಚಿ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ಊತವೂ ಹೊಸದಾಗಿ ಏರಿರುವುದಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿದರೆ ಗುಂಡಿ ಖಾಲಿ ಕಾಣಬಹುದು, ಅಡಿಯಲ್ಲಿ ಬೂದು ಅಥವಾ ಬಿಳಿ ಮೂಳೆ ಕಾಣಬಹುದು. ಅಷ್ಟು ಹಿಂದಿನ ಜಾಗ ನಮಗೆ ಕಾಣದೆಯೂ ಹೋಗಬಹುದು. ಕಾಣಲಿಲ್ಲ ಅಂತ ಇಲ್ಲ ಅಂದುಕೊಳ್ಳಬೇಡಿ.

ಇದು ಅಪರೂಪದ ತೊಂದರೆಯೇನಲ್ಲ. ಎಲ್ಲ ಹಲ್ಲುಗಳನ್ನೂ ಲೆಕ್ಕಕ್ಕೆ ಹಿಡಿದರೆ ನೂರರಲ್ಲಿ ಎರಡರಿಂದ ಐದು ಮಂದಿಗೆ ಆಗುತ್ತದೆ. ಒಳಗೇ ಸಿಕ್ಕಿಕೊಂಡ ಕೆಳಗಿನ ಬುದ್ಧಿ ಹಲ್ಲಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಬೀಡಿ, ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ, ತೆಗೆಯುವಾಗ ಬಹಳ ಕಷ್ಟವಾದ ಹಲ್ಲಿಗೆ ಸಾಧ್ಯತೆ ಜಾಸ್ತಿ. ಎಲ್ಲ ಸರಿಯಾಗಿ ಪಾಲಿಸಿದವರಿಗೂ ಒಮ್ಮೊಮ್ಮೆ ಆಗುತ್ತದೆ. ಆದರೆ ನನ್ನ ವಿಷಯದಲ್ಲಿ ಹಿಂದಕ್ಕೆ ಎಣಿಸಿದಾಗ ಎರಡು ಕಾರಣ ಸಿಕ್ಕವು. ಮೊದಲ ದಿನ ರಾತ್ರಿ ಬಾಯಿಯ ರಕ್ತದ ರುಚಿ ತಡೆಯದೆ ಜೋರಾಗಿ ಮುಕ್ಕಳಿಸಿ ಉಗುಳಿದ್ದೆ. ಎರಡನೇ ದಿನ ಮಧ್ಯಾಹ್ನ ದೊಡ್ಡಮ್ಮ ಪ್ರೀತಿಯಿಂದ ಎಳನೀರು ತಂದುಕೊಟ್ಟಿದ್ದರು, ಅದನ್ನು ಸ್ಟ್ರಾ ಹಾಕಿ ಹೀರಿದ್ದೆ. ಹೀರುವಾಗಲೂ ಉಗುಳುವಾಗಲೂ ಬಾಯೊಳಗೆ ಎಳೆತ ಹುಟ್ಟುತ್ತದೆ. ಹೆಪ್ಪು ಕಿತ್ತು ಬರಲು ಅಷ್ಟು ಸಾಕು. ಎಳನೀರು ಒಳ್ಳೆಯದೇ. ಲೋಟಕ್ಕೆ ಬಗ್ಗಿಸಿ ಕುಡಿಯಿರಿ.

ಇದಕ್ಕೆ ಮನೆಯಲ್ಲಿ ಪರಿಹಾರ ಇಲ್ಲ. ಡಾಕ್ಟರ್ ಹತ್ತಿರ ಹೋಗಲೇಬೇಕು. ಅವರು ಗುಂಡಿಯನ್ನು ಮೆಲ್ಲಗೆ ತೊಳೆದು, ನೋವು ಇಳಿಸುವ ಔಷಧಿಯ ಪಟ್ಟಿ ಇಡುತ್ತಾರೆ. ಒಂದೆರಡು ದಿನ ಬಿಟ್ಟು ಬದಲಾಯಿಸಬೇಕಾಗಬಹುದು. ಆಂಟಿಬಯೋಟಿಕ್ ನುಂಗಿದರೆ ಡ್ರೈ ಸಾಕೆಟ್ ನೋವು ಹೋಗುವುದಿಲ್ಲ, ಏಕೆಂದರೆ ಅಲ್ಲಿ ಮುಖ್ಯ ತೊಂದರೆ ಮೂಳೆ ಬರಿದಾಗಿರುವುದು. ಮೆಡಿಕಲ್ ಶಾಪಿನವರನ್ನು ಕೇಳಿ ಮಾತ್ರೆ ತಂದು ನುಂಗುತ್ತಾ ಕೂರಬೇಡಿ.

ಲವಂಗದ ಎಣ್ಣೆ ಹಾಕಲಾ ಅಂತ ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ. ಡಾಕ್ಟರ್ ಇಡುವ ಪಟ್ಟಿಯಲ್ಲೂ ಬಹಳ ಸಲ ಲವಂಗದ ಸತ್ವವೇ ಇರುತ್ತದೆ, ನಿಜ. ಆದರೆ ಅದು ಅಳತೆಯಲ್ಲಿರುತ್ತದೆ. ಅಂಗಡಿಯ ಗಟ್ಟಿ ಎಣ್ಣೆಯನ್ನು ಹಸಿ ಗಾಯಕ್ಕೆ ಸುರಿದರೆ ಸುಡುತ್ತದೆ. ಅರಿಸಿನ ಪುಡಿ, ಇಂಗು, ಕಲ್ಲುಪ್ಪು ತುಂಬುವುದೂ ಬೇಡ. ನಶ್ಯ, ಹೊಗೆಸೊಪ್ಪು ಇಟ್ಟರಂತೂ ಗಾಯ ಮಾಯುವುದೇ ಇಲ್ಲ.

ಗುಂಡಿಯಲ್ಲಿ ಬಿಳಿ ಪದರ ಕಾಣುತ್ತಿದೆ

ಕೀವು ಅಂದುಕೊಂಡು ಕೆದಕಬೇಡಿ. ಮೂರು, ನಾಲ್ಕನೇ ದಿನ ಬಾಯಿಯ ಗಾಯದ ಮೇಲೆ ತಿಳಿಹಳದಿ ಅಥವಾ ಬಿಳಿ ಪದರ ಬರುವುದು ಮಾಯುವಿಕೆಯ ಭಾಗ. ಕೈಯ ಮೇಲಿನ ಗಾಯಕ್ಕೆ ಹಕ್ಕಳೆ ಕಟ್ಟುವ ಹಾಗೆ, ಬಾಯೊಳಗೆ ಒದ್ದೆ ಇರುವುದರಿಂದ ಅದು ಹೀಗೆ ಕಾಣುತ್ತದೆ. ನೋವು ಇಳಿಯುತ್ತಿದ್ದರೆ ಅದನ್ನು ಮುಟ್ಟದೆ ಬಿಡಿ. ಒತ್ತಿದಾಗ ದಪ್ಪಗೆ ಕೀವು ಒಸರಿ, ಉಪ್ಪುಪ್ಪಾದ ಕೊಳೆತ ರುಚಿ ಬಂದರೆ ಮಾತ್ರ ಸೋಂಕು ಅಂತ ತಿಳಿಯಿರಿ.

ಅನ್ನ ಸಿಕ್ಕಿಕೊಂಡಿದ್ದರೆ ಕಡ್ಡಿ, ಪಿನ್ನು ಹಾಕಬೇಡಿ. 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಬಾಯಲ್ಲಿ ತುಂಬಿಕೊಳ್ಳಿ. ಗಳಗಳ ಅನ್ನಿಸಬೇಡಿ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಸಿಂಕಿನ ಮೇಲೆ ಬಗ್ಗಿ ಬಾಯಿ ತೆರೆದರೆ ನೀರು ತಾನೇ ಬೀಳುತ್ತದೆ. ಊಟವಾದಾಗಲೆಲ್ಲ ಹೀಗೆ ಮಾಡಿ. ಕೆಲವು ಡಾಕ್ಟರುಗಳು ಒಂದು ವಾರದ ನಂತರ ಬಾಗಿದ ತುದಿಯ ಸಣ್ಣ ಪ್ಲಾಸ್ಟಿಕ್ ಸಿರಿಂಜ್ ಕೊಡುತ್ತಾರೆ. ಕೆಳಗಿನ ಗುಂಡಿ ತೊಳೆಯಲು ಅದು ತುಂಬಾ ಒಳ್ಳೆಯದು. ಹೇಳುವ ಮುಂಚೆ ಮಾತ್ರ ಬಳಸಬೇಡಿ.

ಬಾಯಿ ತೆರೆಯಲಾಗುತ್ತಿಲ್ಲ

ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಿ ನೋಡಿ. ಸಾಮಾನ್ಯವಾಗಿ ಮೂರೂ ಹೋಗುತ್ತವೆ. ಹಲ್ಲು ತೆಗೆಸಿದ ಮೇಲೆ ಒಂದೇ ಬೆರಳು ಹೋಗಬಹುದು. ಅಗಿಯುವ ಸ್ನಾಯು ಬಿಗಿದುಕೊಂಡಿರುವುದರಿಂದ ಹೀಗಾಗುತ್ತದೆ. ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ 20 ನಿಮಿಷ ಇಟ್ಟು 20 ನಿಮಿಷ ಬಿಡುವು ಕೊಡಿ. ಮೂರನೇ ದಿನದಿಂದ ಬಿಸಿ ಬಟ್ಟೆಯ ಶಾಖ ಕೊಡಿ, ದಿನಕ್ಕೆ ಮೂರ್ನಾಲ್ಕು ಸಲ ಮೆಲ್ಲಗೆ ತೆರೆದು ಮುಚ್ಚಿ. ಒಂದೆರಡು ವಾರದಲ್ಲಿ ಸರಿಹೋಗಬೇಕು. ದಿನಕ್ಕಿಷ್ಟು ಅಂತ ತೆರೆಯುತ್ತಿದ್ದ ಬಾಯಿ ಮತ್ತೆ ಬಿಗಿಯಲು ಶುರುವಾದರೆ ಒಳಗೆ ಸೋಂಕು ಇರಬಹುದು.

ಜ್ವರ ಬಂದಿದೆ

ಮೊದಲ ದಿನ ಮೈ ಸ್ವಲ್ಪ ಬೆಚ್ಚಗಾಗುವುದುಂಟು. ಥರ್ಮಾಮೀಟರ್ 100.4 ಡಿಗ್ರಿ ದಾಟಿದರೆ, ಅದೂ ಎರಡು ಮೂರು ದಿನ ಕಳೆದ ಮೇಲೆ, ಡಾಕ್ಟರಿಗೆ ಫೋನ್ ಮಾಡಿ.

ಇಷ್ಟು ಮಾತ್ರ ತಡ ಮಾಡಲೇಬಾರದು: ಗಲ್ಲದ ಕೆಳಗೆ, ಕತ್ತಿನ ಕಡೆಗೆ ಊತ ಹರಡಿ ಗಟ್ಟಿಯಾಗುವುದು. ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು. ನಾಲಿಗೆ ಮೇಲಕ್ಕೆ ಎದ್ದ ಹಾಗಾಗಿ ಮಾತು ತೊದಲುವುದು. ಮಲಗಿದರೆ ಉಸಿರು ಕಟ್ಟುವುದು. ಕೆಳದವಡೆಯ ಸೋಂಕು ಕತ್ತಿಗೆ ಇಳಿದರೆ ಉಸಿರಿನ ದಾರಿಯನ್ನೇ ಮುಚ್ಚಬಹುದು. ಹಲ್ಲಿನ ಕ್ಲಿನಿಕ್ ತೆರೆಯಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮಾತ್ರೆಯಿಂದಲೇ ತೊಂದರೆಯಾ?

ನೋವು ತಡೆಯಲಾಗುತ್ತಿಲ್ಲ ಅನ್ನುವವರನ್ನು ಮೊದಲು ಕೇಳಬೇಕಾದ್ದು, ಮಾತ್ರೆ ಯಾವಾಗ ತೆಗೆದುಕೊಂಡಿರಿ ಅಂತ. ಚುಚ್ಚುಮದ್ದಿನ ಜೋಮು ಪೂರ್ತಿ ಬಿಡುವ ಮುಂಚೆಯೇ ಮೊದಲ ಮಾತ್ರೆ ಹೊಟ್ಟೆಗೆ ಹೋಗಿರಬೇಕು. ನೋವು ನೆತ್ತಿಗೇರಿದ ಮೇಲೆ ನುಂಗಿದರೆ ಹಿಡಿತಕ್ಕೆ ಬರಲು ಹೊತ್ತಾಗುತ್ತದೆ. ಮೊದಲೆರಡು ದಿನ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ, ಊಟವಾದ ಮೇಲೆ ತೆಗೆದುಕೊಳ್ಳಿ.

ಮಾತ್ರೆ ಪಟ್ಟಿಯ ಹಿಂಬದಿ ಓದಿ. ನೋವಿನ ಎಷ್ಟೋ ಮಾತ್ರೆಗಳಲ್ಲಿ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಅದರ ಮೇಲೆ ಮನೆಯಲ್ಲಿರುವ ಡೋಲೊ 650 ನುಂಗಿದರೆ ಪ್ಯಾರಾಸಿಟಮಾಲ್ ಎರಡೆರಡು ಕಡೆಯಿಂದ ಹೊಟ್ಟೆಗೆ ಹೋಗುತ್ತದೆ. ಆರೋಗ್ಯವಾಗಿರುವ ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, ಲಿವರ್ ಕೆಡುತ್ತದೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಆಸ್ತಮಾ ಇರುವವರು ಐಬುಪ್ರೊಫೆನ್ ಬಗ್ಗೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಮೈಕೈ ನೋವಿನ ಜೊತೆ ಜೋರು ಜ್ವರ ಬಂದರೆ ಅದು ಡೆಂಗಿಯೂ ಆಗಿರಬಹುದು. ಡೆಂಗಿಯಲ್ಲಿ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಜಾಸ್ತಿ ಮಾಡುತ್ತವೆ. ರಕ್ತ ಪರೀಕ್ಷೆ ಮಾಡಿಸಿ.

ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣದ ರುಚಿ, ವಾಕರಿಕೆ ಇದ್ದರೆ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಕಾರಣ ಇರಬಹುದು. ಮಾತ್ರೆ ಮುಗಿದ ಮೇಲೆ ಹೋಗುತ್ತದೆ. ಆ ಮಾತ್ರೆ ತೆಗೆದುಕೊಳ್ಳುವಾಗ ಮದ್ಯ ಮುಟ್ಟಬಾರದು. ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ನುಂಗಿದ ಮೇಲೆ ಮೈಮೇಲೆ ದದ್ದು ಎದ್ದರೆ ಮುಂದಿನ ಮಾತ್ರೆ ನುಂಗದೆ ಡಾಕ್ಟರಿಗೆ ತಿಳಿಸಿ. ಮುಖ, ತುಟಿ ಊದಿ ಉಸಿರು ಹಿಡಿದರೆ ಅದೂ ತುರ್ತೇ.

ಏನು ತಿಂದರೂ ಗುಂಡಿಗೆ ಹೋಗುತ್ತಿದೆ

ನಮ್ಮ ಅಡುಗೆಯಲ್ಲಿ ಕಷ್ಟ ಕೊಡುವುದು ಒಗ್ಗರಣೆ. ಮೊಸರನ್ನ ಮೆತ್ತಗಿದೆ ಅಂತ ಎಲ್ಲರೂ ಅದನ್ನೇ ಕೊಡುತ್ತಾರೆ, ಸಾಸಿವೆ ಕಾಳು ನೇರವಾಗಿ ಹೋಗಿ ಗುಂಡಿಯಲ್ಲಿ ಕೂರುತ್ತದೆ. ತಂಗಿಗೆ ಎರಡು ವಾರ ಒಗ್ಗರಣೆ ಇಲ್ಲದ ಮೊಸರನ್ನವನ್ನೇ ಕಲಸಿಕೊಟ್ಟೆವು. ಎಳ್ಳು, ಗಸಗಸೆ, ಟೊಮೆಟೊ ಬೀಜ, ಚಿತ್ರಾನ್ನದ ಕಡಲೆಬೀಜ, ಮಂಡಕ್ಕಿ, ಚಕ್ಕುಲಿ, ಕೋಸಂಬರಿ ಎಲ್ಲ ಆಮೇಲೆ.

ಮೊದಲೆರಡು ದಿನಕ್ಕೆ ಆರಿಸಿದ ರಾಗಿ ಅಂಬಲಿ, ಅಕ್ಕಿ ಗಂಜಿ, ನೀರು ಮಜ್ಜಿಗೆ, ಹಾಲಿನಲ್ಲಿ ನೆನೆಸಿದ ಇಡ್ಲಿ, ಕಿವುಚಿದ ಬಾಳೆಹಣ್ಣು ಸಾಕು. ಬಾಯಿ ಸ್ವಲ್ಪ ತೆರೆಯಲು ಶುರುವಾದ ಮೇಲೆ ಮೆತ್ತಗಿನ ಮುದ್ದೆ ಒಳ್ಳೆಯದು. ಮುದ್ದೆ ಅಗಿಯುವ ಊಟ ಅಲ್ಲ, ನುಂಗುವ ಊಟ. ಸಣ್ಣ ತುತ್ತು ಮುರಿದು, ಖಾರ ಹಾಕದ ಬೇಳೆ ಸಾರಿನಲ್ಲಿ ಅದ್ದಿ, ನೋವಿಲ್ಲದ ಕಡೆಯಿಂದ ಜಾರಿಸಿ. ಹೊಗೆಯಾಡುವ ಬಿಸಿ ಮಾತ್ರ ಬೇಡ. ಹೊಟ್ಟೆ ಖಾಲಿ ಇಟ್ಟುಕೊಂಡು ಮಾತ್ರೆ ನುಂಗಿದರೆ ತಲೆ ಸುತ್ತುತ್ತದೆ, ಅದಕ್ಕೂ ಊಟ ಬೇಕು.

ಎಲೆ ಅಡಿಕೆ ಹಾಕುವ ಹಿರಿಯರಿಗೆ ಒಂದು ಮಾತು: ಗಾಯ ಮುಚ್ಚುವವರೆಗೆ ತಟ್ಟೆಯನ್ನೇ ಕಣ್ಣಿಗೆ ಕಾಣದ ಕಡೆ ಇಡಿ. ಅಡಿಕೆ ಚೂರು ಗಾಯಕ್ಕೆ ಹೋಗುತ್ತದೆ, ಸುಣ್ಣ ಸುಡುತ್ತದೆ, ಮೇಲೆ ಉಗುಳುವುದು ಬೇರೆ. ಸೇದುವವರು ಕಡೇಪಕ್ಷ ಮೂರು ದಿನ ಬಿಡಿ, ವಾರ ಬಿಟ್ಟರೆ ಇನ್ನೂ ಒಳ್ಳೆಯದು.

ತುಟಿ, ಗಲ್ಲ, ನಾಲಿಗೆಯ ಜೋಮು ಬಿಟ್ಟಿಲ್ಲ

ಚುಚ್ಚುಮದ್ದಿನ ಜೋಮು ಕೆಲವು ಗಂಟೆಗಳಲ್ಲಿ ಬಿಡುತ್ತದೆ. ಅಲ್ಲಿಯವರೆಗೆ ಏನೂ ಅಗಿಯಬೇಡಿ, ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮರುದಿನ ಬೆಳಿಗ್ಗೆಯೂ ಕೆಳತುಟಿ, ಗಲ್ಲ ಅಥವಾ ನಾಲಿಗೆಯ ಒಂದು ಪಕ್ಕ ಮರಗಟ್ಟಿಯೇ ಇದ್ದರೆ ಅಂದೇ ಡಾಕ್ಟರಿಗೆ ತಿಳಿಸಿ. ಕೆಳಗಿನ ಬುದ್ಧಿ ಹಲ್ಲಿನ ಬೇರಿನ ಹತ್ತಿರವೇ ನರ ಹಾದುಹೋಗುತ್ತದೆ, ಅದಕ್ಕೆ ಏಟು ಬಿದ್ದಿರಬಹುದು. ಬಹುತೇಕ ಮಂದಿಗೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾನೇ ಸರಿಹೋಗುತ್ತದೆ. ಆದರೂ ಎಲ್ಲಿಂದ ಎಲ್ಲಿಯವರೆಗೆ ಮರಗಟ್ಟಿದೆ ಅಂತ ಅವರು ಮೊದಲೇ ಗುರುತು ಮಾಡಿಟ್ಟುಕೊಂಡರೆ, ಸುಧಾರಿಸುತ್ತಿದೆಯಾ ಎಂದು ತಿಳಿಯಲು ಆಗುತ್ತದೆ.

ನೀರು ಕುಡಿದರೆ ಮೂಗಿನಲ್ಲಿ ಬರುತ್ತಿದೆ

ಇದು ಮೇಲಿನ ಬುದ್ಧಿ ಹಲ್ಲಿಗೆ ಮಾತ್ರ ಸಂಬಂಧಪಟ್ಟದ್ದು. ಅದರ ಬೇರಿನ ಮೇಲೆಯೇ ಸೈನಸ್ ಅನ್ನುವ ಗಾಳಿಯ ಗೂಡು ಇದೆ. ನಡುವೆ ತೂತು ಬಿದ್ದರೆ ನೀರು, ಗಾಳಿ ಆ ಕಡೆ ದಾಟುತ್ತದೆ. ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಡಾಕ್ಟರಿಗೆ ಬೇಗ ತೋರಿಸಿ. ತೂತು ಸಣ್ಣದಿದ್ದರೆ ತಾನೇ ಮುಚ್ಚುತ್ತದೆ.

ಹೊಲಿಗೆ ಬಿಚ್ಚಿತು, ಚೂಪಾಗಿ ಏನೋ ಚುಚ್ಚುತ್ತಿದೆ

ಹೊಲಿಗೆ ಯಾವ ದಾರದ್ದು ಅಂತ ಹಲ್ಲು ತೆಗೆದ ದಿನವೇ ಕೇಳಿಟ್ಟುಕೊಳ್ಳಿ. ಕರಗುವ ದಾರ ಒಂದೆರಡು ವಾರದಲ್ಲಿ ಸಡಿಲವಾಗಿ ಬಾಯಿಗೆ ಬರುತ್ತದೆ. ಕಪ್ಪು ರೇಷ್ಮೆ ದಾರವಾದರೆ ಕರಗುವುದಿಲ್ಲ, ಸುಮಾರು ಒಂದು ವಾರಕ್ಕೆ ಹೋಗಿ ತೆಗೆಸಬೇಕು. ರಕ್ತ ಇಲ್ಲದಿದ್ದರೆ ಒಂದು ಹೊಲಿಗೆ ಬಿಚ್ಚಿದ್ದಕ್ಕೆ ಚಿಂತೆ ಬೇಡ.

ಒಸಡು ಮುಚ್ಚಲು ಮೂರ್ನಾಲ್ಕು ವಾರ ಬೇಕು. ಅಡಿಯಲ್ಲಿ ಮೂಳೆ ತುಂಬಲು ತಿಂಗಳುಗಳೇ ಆಗುತ್ತವೆ. ಈ ನಡುವೆ ಒಸಡಿನಿಂದ ಚೂಪಾದ ಚೂರೊಂದು ನಾಲಿಗೆಗೆ ತಾಗಬಹುದು. ಹಲ್ಲಿನ ತುಂಡು ಒಳಗೇ ಬಿಟ್ಟಿದ್ದಾರೆ ಅಂತ ನಾನೂ ಹೆದರಿದ್ದೆ. ಬಹುತೇಕ ಸಲ ಅದು ಮೂಳೆಯ ಸಣ್ಣ ಚೂರು. ಮೈ ತನಗೆ ಬೇಡದ್ದನ್ನು ಹೊರಗೆ ತಳ್ಳುತ್ತಿರುತ್ತದೆ. ನನಗೆ ಐದನೇ ವಾರ ಒಂದು ಬಂತು, ಅಕ್ಕಿ ನುಚ್ಚಿನಷ್ಟಿತ್ತು. ಬೆಳಿಗ್ಗೆ ಉಪ್ಪು ನೀರು ಬಾಯಲ್ಲಿ ತುಂಬಿಕೊಂಡಾಗ ತಾನೇ ಸಿಂಕಿಗೆ ಬಿತ್ತು. ಅಲ್ಲಾಡದೆ ಗಟ್ಟಿಯಾಗಿ ಕೂತು ದಿನಾ ಚುಚ್ಚುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಆ ಜಾಗ ಮರಗಟ್ಟಿಸಿ ಎರಡು ನಿಮಿಷದಲ್ಲಿ ತೆಗೆದುಬಿಡುತ್ತಾರೆ.